ಕ್ರ್ಯಾಕ್ ಬೇಡ, ಕ್ರಿಟಾ ಹಾಕಿಕೊಳ್ಳಿ

ಹೋದ ವಾರ ನಮ್ಮ ಓಣಿಯ ಹುಡುಗನೊಬ್ಬ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದಿದ್ದ. ಪಿಯುಸಿ ಮುಗಿಸಿದ್ದಾನೆ, ಚಿತ್ರ ಚೆನ್ನಾಗಿ ಬರೆಯುತ್ತಾನೆ. "ಅಕ್ಕಾ, ಫೋಟೋಶಾಪ್ ಕ್ರ್ಯಾಕ್ ಹಾಕಿಕೊಡಾಕ ಅಂಗಡಿಯವ್ರು ಐನೂರು ಕೇಳಾಕತ್ತಾರ. ಹಾಕಿಸ್ಲೇನು?" ಅಂದ. ಬೇಡ ಅಂದೆ. ಫೋಟೋಶಾಪ್ ದುಡ್ಡು ಕೊಟ್ಟು ಹಾಕಿಕೊಳ್ಳಬೇಕಾದ ಸಾಫ್ಟ್‌ವೇರ್, ಕ್ರ್ಯಾಕ್ ಅಂದರೆ ದುಡ್ಡು ಕೊಡದೆ ಓಡಿಸೋಕೆ ಅದರ ಬೀಗ ಮುರಿದ ಕಳ್ಳ ಪ್ರತಿ. ಯಾಕೆ ಬೇಡ ಅನ್ನೋದನ್ನ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಇಂಥ ಹುಡುಗ ಹುಡುಗಿಯರು ಓಣಿಗೊಬ್ಬರು ಸಿಗುತ್ತಾರೆ.

ನಾನೂ ಹಾಗೇ ಹಾಕಿಸಿಕೊಂಡಿದ್ದೆ. ಕ್ರ್ಯಾಕ್ ಓಡಬೇಕಾದರೆ ಆಂಟಿವೈರಸ್ ಆಫ್ ಮಾಡಬೇಕು ಅಂದರು, ಮಾಡಿದೆ. ಎಂಟು ತಿಂಗಳು ಏನೂ ಆಗಲಿಲ್ಲ. ಹೊಸ ವರ್ಷನ್ ಅಂತ ಇನ್ನೊಮ್ಮೆ ಹಾಕಿಸಿದ ಮರುದಿನ ನೋಡಿದರೆ ಎಲ್ಲ ಫೈಲ್‌ಗಳ ಹೆಸರಿನ ಕೊನೆಗೆ ಅರ್ಥವಿಲ್ಲದ ನಾಲ್ಕು ಅಕ್ಷರ ಅಂಟಿಕೊಂಡಿದ್ದವು. ಒಂದೂ ತೆರೆಯಲಿಲ್ಲ. ಪ್ರತಿ ಫೋಲ್ಡರ್‌ನಲ್ಲೂ ದುಡ್ಡು ಕೇಳುವ ಒಂದು ಚೀಟಿ. ಹುಲಿಗಿ ಜಾತ್ರೆಯಲ್ಲಿ ಕೂತು ಬರೆದ ಮುಖಗಳು, ಆನೆಗೊಂದಿಯ ಬಂಡೆಗಳು, ಎಲ್ಲ ಹೋದವು. ಅವತ್ತು ಅತ್ತಿದ್ದು ಇನ್ನೂ ನೆನಪಿದೆ.

ಆಮೇಲೆ ಕ್ರಿಟಾ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿಕೊಂಡೆ. ಸುಮ್ನೆ, ದುಡ್ಡಿಲ್ಲವಲ್ಲ ಅಂತ ಹಾಕಿಕೊಂಡಿದ್ದು. ಈಗ ದುಡ್ಡಿದ್ದರೂ ಬೇರೆಯದಕ್ಕೆ ಹೋಗೋದಿಲ್ಲ. ಕ್ರಿಟಾ ಅಂದರೆ ಸ್ವೀಡನ್ ಭಾಷೆಯಲ್ಲಿ ಚಾಕ್, ಕ್ರೇಯಾನ್ ಅಂತ ಅರ್ಥ. ಆ ಹೆಸರಿಡುವಾಗ ನಮ್ಮ ಮಹಾಭಾರತದ 'ಕೃತ' ಅನ್ನೋ ಪದವೂ ಅವರ ಮನಸ್ಸಿನಲ್ಲಿತ್ತಂತೆ. ಇದನ್ನು ಮಾಡಿದ್ದೇ ಚಿತ್ರ ಬರೆಯೋರಿಗೆ ಅಂತ. ತೆರೆದ ಕೂಡಲೇ ಪೆನ್ಸಿಲ್, ಇಂಕ್, ಜಲವರ್ಣ, ಒಣ ಬ್ರಷ್ ಅಂತ ನೂರಕ್ಕೂ ಜಾಸ್ತಿ ಬ್ರಷ್ ಸಿಗುತ್ತವೆ. ಚಿತ್ರದ ಮೇಲೆ ಯಾವ ಮುದ್ರೆಯೂ ಬೀಳೋದಿಲ್ಲ. ಬರೆದದ್ದನ್ನು ಮಾರಿಕೊಳ್ಳಬಹುದು, ಯಾರನ್ನೂ ಕೇಳಬೇಕಿಲ್ಲ. ಸ್ಟೀಮ್, ಮೈಕ್ರೋಸಾಫ್ಟ್ ಸ್ಟೋರ್ ಅನ್ನೋ ಆನ್‌ಲೈನ್ ಅಂಗಡಿಗಳಲ್ಲಿ ಇದಕ್ಕೆ ಬೆಲೆ ಇಟ್ಟಿರುತ್ತಾರೆ, ಆ ದುಡ್ಡು ಇದನ್ನು ಬೆಳೆಸೋದಕ್ಕೆ ಹೋಗುತ್ತದೆ. ಕ್ರಿಟಾ ಡಾಟ್ ಆರ್ಗ್‌ನಲ್ಲಿ ಅದೇ ಸಾಫ್ಟ್‌ವೇರ್ ಉಚಿತ. ಅಲ್ಲಿಂದಲೇ ಇಳಿಸಿಕೊಳ್ಳಿ, ಬೇರೆ ಕಂಡಕಂಡ ಸೈಟಿನಿಂದ ಬೇಡ.

ನಮ್ಮಪ್ಪ ಬೋರ್ಡ್ ಬರೆಯುವ ಪೇಂಟರ್. ಫ್ಲೆಕ್ಸ್ ಬರೋವರೆಗೂ ಕೊಪ್ಪಳದ ಎಷ್ಟೋ ಅಂಗಡಿಗಳ ಹೆಸರು ಅವರ ಕೈಯಿಂದಲೇ ಬಂದದ್ದು. ದಾರಕ್ಕೆ ಚಾಕ್ ಪುಡಿ ಹಚ್ಚಿ, ಒಂದು ತುದಿ ನನ್ನ ಕೈಗೆ ಕೊಟ್ಟು, ಎಳೆದು ಬಿಟ್ಟರೆ ತಗಡಿನ ಮೇಲೆ ನೇರ ಗೆರೆ ಬೀಳುತ್ತಿತ್ತು. ಆಮೇಲೆ ಎಡಗೈಯಲ್ಲಿ ಒಂದು ಕೋಲು ಹಿಡಿದು, ಅದರ ಮೇಲೆ ಬಲಗೈ ಮಣಿಕಟ್ಟು ಇಟ್ಟು ಅಕ್ಷರ ತಿದ್ದುತ್ತಿದ್ದರು. ಈಗ ಅವರಿಗೆ ಕೈ ನಡುಗುತ್ತದೆ. ಒಂದು ದಿನ ಪೆನ್ ಟ್ಯಾಬ್ಲೆಟ್, ಅಂದರೆ ಪೆನ್ನಿನಿಂದ ಬರೆದದ್ದನ್ನು ಕಂಪ್ಯೂಟರಿನಲ್ಲಿ ಮೂಡಿಸೋ ಹಲಗೆ, ಅವರ ಮುಂದೆ ಇಟ್ಟೆ. ಗೆರೆ ಹಾವಿನಂತೆ ಹೋಯಿತು. ಕ್ರಿಟಾದ ಟೂಲ್ ಆಪ್ಷನ್ಸ್‌ನಲ್ಲಿ ಬ್ರಷ್ ಸ್ಮೂದಿಂಗ್ ಅಂತ ಇದೆ, ಅದರಲ್ಲಿ ಸ್ಟೆಬಿಲೈಸರ್ ಹಾಕಿಕೊಟ್ಟೆ. ಅದು ಹಾಕಿದಾಗ ಗೆರೆ ಪೆನ್ನಿನ ಹಿಂದೆ ಸ್ವಲ್ಪ ತಡವಾಗಿ ಬರುತ್ತದೆ, ನಡುಕವನ್ನೆಲ್ಲ ನುಂಗಿಕೊಂಡು ಬರುತ್ತದೆ. ಅಪ್ಪ 'ಅ' ಬರೆದರು. ಅದೇ ಹಳೆಯ ಅ, ಹೊಟ್ಟೆ ದುಂಡಗೆ, ಬಾಲ ತೆಳ್ಳಗೆ. "ಇದು ಕೋಲು ಹಿಡ್ದಂಗ ಆತು ನೋಡು" ಅಂದರು.

ಹಳೇ ಲ್ಯಾಪ್‌ಟಾಪ್ ಇರೋರಿಗೆ ಒಂದು ಮಾತು. ನನ್ನದು 4 ಜಿಬಿ ರ‍್ಯಾಮ್‌ನದು. ಎ4 ಅಳತೆ, ಹತ್ತು ಹದಿನೈದು ಲೇಯರ್ (ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಯಂಥ ಪದರ) ವರೆಗೆ ತೊಂದರೆ ಇಲ್ಲ. ದೊಡ್ಡ ಹಾಳೆ, ದೊಡ್ಡ ಬ್ರಷ್ ತೆಗೆದುಕೊಂಡರೆ ತಡವರಿಸುತ್ತದೆ. ಇನ್ನು ಕರೆಂಟ್. ಬ್ಯಾಟರಿ ಸತ್ತ ಲ್ಯಾಪ್‌ಟಾಪ್‌ಗೆ ಬೇಸಿಗೆ ಕಾಲ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಸೆಟ್ಟಿಂಗ್ಸ್‌ಗೆ ಹೋಗಿ ಆಟೋಸೇವ್ ಐದು ನಿಮಿಷಕ್ಕೆ ಇಟ್ಟುಬಿಡಿ. ಕರೆಂಟ್ ಹೋಗಿ ಬಂದ ಮೇಲೆ ಕ್ರಿಟಾ ತೆರೆದರೆ, ಉಳಿದಿರೋದನ್ನು ವಾಪಸ್ ತೆಗೆಯಲಾ ಅಂತ ಅದೇ ಕೇಳುತ್ತದೆ.

ಜಿಂಪ್ ಅನ್ನೋ ಇನ್ನೊಂದು ಉಚಿತ ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ಹೇಳೋದಿಲ್ಲ. 1995ರಲ್ಲಿ ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಶುರುಮಾಡಿದ್ದು ಇವತ್ತಿಗೂ ನಡೆದಿದೆ, ದೊಡ್ಡ ಮಾತು. ಆದರೆ ಅದು ಫೋಟೋ ತಿದ್ದೋದಕ್ಕೆ. ಚಿತ್ರ ಬರೆಯೋ ಆಸೆಯಿಂದ ಜಿಂಪ್ ತೆರೆದವರು ಎರಡೇ ದಿನಕ್ಕೆ ಬೇಜಾರಾಗಿ ಮುಚ್ಚಿದ್ದನ್ನ ನೋಡಿದ್ದೇನೆ. ಫೋನ್ ಮಾತ್ರ ಇದ್ದರೆ ಐಬಿಸ್ ಪೇಂಟ್ ಅನ್ನೋ ಆ್ಯಪ್‌ನಲ್ಲಿ ಶುರುಮಾಡಿ. ಜಾಹೀರಾತು ಕಾಡುತ್ತವೆ, ಆದರೂ ಲೇಯರ್ ಅಂದರೆ ಏನು ಅಂತ ಕಲಿಯೋದಕ್ಕೆ ಅಷ್ಟು ಸಾಕು.

ಕನ್ನಡ ಅಕ್ಷರದ ಕೆಲಸಕ್ಕೆ ಮಾತ್ರ ಇಂಕ್‌ಸ್ಕೇಪ್ ಅನ್ನೋ ಉಚಿತ ಸಾಫ್ಟ್‌ವೇರ್ ಬೇಕೇ ಬೇಕು. ಇದರಲ್ಲಿ ಅಕ್ಷರ ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯೋದಿಲ್ಲ, ಗೋಡೆಯಷ್ಟು ಬೋರ್ಡ್ ಆದರೂ ಸರಿ. ಒಮ್ಮೆ ಒಬ್ಬರು ಪರಿಚಯದವರ ಅಂಗಡಿಗೆ ಬೋರ್ಡ್ ಡಿಸೈನ್ ಮಾಡಿ ಪ್ರಿಂಟಿಂಗ್‌ಗೆ ಫೈಲ್ ಕಳಿಸಿದ್ದೆ. ಹೆಸರಿನಲ್ಲಿ 'ಗವಿಸಿದ್ಧೇಶ್ವರ' ಇತ್ತು. ಅವರ ಕಂಪ್ಯೂಟರಿನಲ್ಲಿ ನನ್ನ ಫಾಂಟ್ ಇರಲಿಲ್ಲ. ಹತ್ತು ಅಡಿ ಫ್ಲೆಕ್ಸ್ ಬಿಚ್ಚಿದರೆ 'ಗವಿಸಿದ್‌ಧೇಶ್‌ವರ' ಅಂತ ಬಂದಿತ್ತು. ಒತ್ತಕ್ಷರ ಎರಡೂ ಕಿತ್ತುಕೊಂಡು ಪಕ್ಕಕ್ಕೆ ಕೂತಿದ್ದವು. ನಮ್ಮ ಕೊಪ್ಪಳದ ಗವಿಮಠದ ಅಜ್ಜಾರ ಹೆಸರು ಹಾಗೆ ಒಡೆದದ್ದು ನೋಡಿ ಕರುಳು ಚುರುಕ್ ಅಂತು. ಅವತ್ತಿನಿಂದ ಫೈಲ್ ಕೊಡೋ ಮುಂಚೆ ಅಕ್ಷರ ಸೆಲೆಕ್ಟ್ ಮಾಡಿ, ಪಾತ್ ಮೆನುವಿನಲ್ಲಿ ಆಬ್ಜೆಕ್ಟ್ ಟು ಪಾತ್ ಒತ್ತಿ, ಆಮೇಲೆ ಪಿಡಿಎಫ್ ಮಾಡುತ್ತೇನೆ. ಆಗ ಅಕ್ಷರ ಬರೀ ಆಕಾರ ಆಗುತ್ತದೆ, ಯಾವ ಕಂಪ್ಯೂಟರಿನಲ್ಲಿ ತೆರೆದರೂ ಒತ್ತು ಕದಲೋದಿಲ್ಲ. ಆದರೆ ಮೂಲ ಫೈಲ್ ಬೇರೆ ಉಳಿಸಿಕೊಳ್ಳಿ, ಪಾತ್ ಆದ ಮೇಲೆ ಕಾಗುಣಿತ ತಿದ್ದೋಕೆ ಬರೋದಿಲ್ಲ. ಫಾಂಟ್‌ಗಳಿಗೂ ಕಳ್ಳದಾರಿ ಬೇಡ. ಬಾಲೂ ತಮ್ಮ, ನೋಟೋ ಕನ್ನಡ, ಎರಡೂ ಉಚಿತ, ಬೋರ್ಡ್‌ಗೆ ಬಾಲೂ ತಮ್ಮ ತುಂಬಾ ಚೆನ್ನಾಗಿ ಒಪ್ಪುತ್ತದೆ.

"ಕೆಲಸಕ್ಕೆ ಹೋದ್ರ ಫೋಟೋಶಾಪ್ ಬರ್ತದೇನು ಅಂತ ಕೇಳ್ತಾರಲ್ಲಕ್ಕಾ" ಅಂದ ಹುಡುಗ. ಕೇಳುತ್ತಾರೆ, ನಿಜ. ಆದರೆ ಲೇಯರ್, ಮಾಸ್ಕ್, ಬ್ಲೆಂಡಿಂಗ್ ಅನ್ನೋ ಮೂಲ ವಿದ್ಯೆ ಎಲ್ಲ ಕಡೆ ಅದೇ. ಫೋಟೋಶಾಪಿನ ಪಿಎಸ್‌ಡಿ ಫೈಲನ್ನೂ ಕ್ರಿಟಾ ತೆರೆಯುತ್ತದೆ. ಇಲ್ಲಿ ಕೈ ಕೂತವರಿಗೆ ಅಲ್ಲಿನ ಮೆನು ಹುಡುಕೋದು ಕೆಲವು ದಿನದ ಕೆಲಸ. ಕೆಲಸ ಕೊಟ್ಟವರು ಅವರ ಕಂಪ್ಯೂಟರಿನಲ್ಲಿ ದುಡ್ಡು ಕೊಟ್ಟು ಹಾಕಿಕೊಡಲಿ, ಅಲ್ವಾ?

ಉಳಿದ ಐನೂರಕ್ಕೆ ಇನ್ನಷ್ಟು ಸೇರಿಸಿ ಪೆನ್ ಟ್ಯಾಬ್ಲೆಟ್ ತಗೋ ಅಂದೆ. ಸ್ಕ್ರೀನ್ ಇಲ್ಲದ ಸಣ್ಣದು ಎರಡು ಮೂರು ಸಾವಿರಕ್ಕೆ ಸಿಗುತ್ತದೆ. ಅಲ್ಲಿವರೆಗೆ ಮೌಸಿನಲ್ಲೇ ಮಿರರ್ ಟೂಲ್ ಹಾಕಿಕೊಂಡು ಕಿನ್ನಾಳದ ತೊಟ್ಟಿಲಿನ ಬಳ್ಳಿ ಬರೆಯೋದು ತೋರಿಸಿದೆ. ಎಡಕ್ಕೊಂದು ಎಲೆ ಬರೆದರೆ ಬಲಕ್ಕೂ ಮೂಡೋದನ್ನ ನೋಡಿ ರಾತ್ರಿ ಹತ್ತಾದರೂ ಎದ್ದು ಹೋಗಲಿಲ್ಲ.

ಕ್ರಿಟಾ, ಇಂಕ್‌ಸ್ಕೇಪ್ ಎರಡೂ ನನ್ನ ಪೆನ್‌ಡ್ರೈವ್‌ನಲ್ಲಿವೆ. ಇವನ್ನು ಕಾಪಿ ಮಾಡಿ ಹಂಚಬಹುದು ಅಂತ ಅವುಗಳ ಲೈಸೆನ್ಸೇ ಹೇಳುತ್ತದೆ. ನೆಟ್ ಸಾಲದೆ ಇಳಿಸಿಕೊಳ್ಳೋಕೆ ಆಗದವರು ಕೊಪ್ಪಳದಲ್ಲಿ ಯಾರಿದ್ದರೂ ಮೆಸೇಜ್ ಮಾಡಿ. ಭಾನುವಾರ ಮಧ್ಯಾಹ್ನ ಮನೆಯಲ್ಲೇ ಇರುತ್ತೇನೆ, ಲ್ಯಾಪ್‌ಟಾಪ್ ತಂದರೆ ಹಾಕಿಕೊಡುತ್ತೇನೆ. ಚಾರ್ಜರ್ ಮರೆಯಬೇಡಿ.