ಮಂಗಳೂರಿನ ಕಸವನ್ನು ಸುಟ್ಟು ವಿದ್ಯುತ್ ತಯಾರಿಸಬೇಕೇ?

ಪರ

ಮಂಗಳೂರಿನ ಕಸದ ಯಾರ್ಡ್ ಇರುವ ಪಚ್ಚನಾಡಿಯ ಗುಡ್ಡದ ಮೇಲೆ ವರ್ಷಗಟ್ಟಲೆ ಸುರಿದ ರಾಶಿ 2019ರ ಆಗಸ್ಟ್ ತಿಂಗಳ ಜಡಿಮಳೆಗೆ ಸಡಿಲಗೊಂಡು ಕೆಳಗಿನ ಮಂದಾರ ಎಂಬ ಊರಿಗೆ ಜಾರಿತು. ಅದು ಒಂದೇ ಏಟಿಗೆ ಕುಸಿದು ನಿಂತದ್ದಲ್ಲ. ಜನ ನೋಡುನೋಡುತ್ತಿದ್ದಂತೆಯೇ ದಿನಗಟ್ಟಲೆ ಸರಿಯುತ್ತಾ, ಅಡಿಕೆ ತೆಂಗುಗಳನ್ನು ವಾಲಿಸುತ್ತಾ ಮನೆಗಳ ಅಂಗಳಕ್ಕೆ ಬಂತು. ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳು ಹುಟ್ಟಿ ಬೆಳೆದ ಜಾಗವನ್ನು ಬಿಟ್ಟು ಹೋಗಬೇಕಾಯಿತು. 2023ರ ಜನವರಿಯಲ್ಲಿ ಅದೇ ಯಾರ್ಡಿಗೆ ಬೆಂಕಿ ಹತ್ತಿ ಸುತ್ತಲಿನ ಊರುಗಳಿಗೆ ಹೊಗೆ ಮುತ್ತಿತು. ಮಳೆಗಾಲದಲ್ಲಿ ಜಾರುವ, ಬೇಸಿಗೆಯಲ್ಲಿ ಉರಿಯುವ ಇಂಥ ರಾಶಿ ಇನ್ನೊಂದು ಏಳಬಾರದು ಎಂಬುದೇ ಕಸ ಸುಟ್ಟು ವಿದ್ಯುತ್ ತೆಗೆಯುವ ಸ್ಥಾವರ ಬೇಕೆನ್ನುವವರ ಮೊದಲ ಮಾತು, ಮತ್ತು ಅದು ತೂಕದ ಮಾತು.

ಮಂಗಳೂರಿನಲ್ಲಿ ದಿನಕ್ಕೆ ಸುಮಾರು 300 ಟನ್ ಕಸ ಹುಟ್ಟುತ್ತದೆ. ಪಡುವಣದಲ್ಲಿ ಕಡಲು, ತೆಂಕಣದಲ್ಲಿ ನೇತ್ರಾವತಿ, ಬಡಗಣದಲ್ಲಿ ಫಲ್ಗುಣಿ, ಉಳಿದೆಡೆ ಗುಡ್ಡ ಮತ್ತು ಬೈಲು. ಇಂಥ ಊರಿನಲ್ಲಿ ಯಾವ ಗುಡ್ಡದ ಮೇಲೆ ಸುರಿದರೂ ಅದರ ಕೆಳಗೆ ಒಂದು ಬಾವಿ, ಒಂದು ತೋಡು, ಒಂದು ತೋಟ ಇದ್ದೇ ಇರುತ್ತದೆ. ಮುರಕಲ್ಲಿನ ನೆಲ ನೀರನ್ನು ತಡೆದು ಹಿಡಿಯುವುದೂ ಇಲ್ಲ. ಪಚ್ಚನಾಡಿಯಿಂದ ಒಸರುವ ಕೊಳಚೆ ನೀರು ಫಲ್ಗುಣಿಯನ್ನು ಸೇರುವ ವಿಚಾರ ಹೈಕೋರ್ಟಿನವರೆಗೂ ಹೋಗಿದೆ. ಸುಟ್ಟರೆ ಕಸದ ಗಾತ್ರ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನೆಲವೇ ಇಲ್ಲದ ಊರಿಗೆ ಇದು ಸಣ್ಣ ಲಾಭವಲ್ಲ. ರಾಶಿ ಹಾಕಿದ ಕಸ ಗಾಳಿಯಿಲ್ಲದೆ ಕೊಳೆತು ಹೊರಬಿಡುವ ಮೀಥೇನ್ ಅನಿಲ, ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿದಿಡುತ್ತದೆ ಎಂಬುದನ್ನೂ ಇದರ ಜೊತೆಗೆ ಎಣಿಸಬೇಕು.

ಕಾನೂನು ಕೂಡ ಈ ದಾರಿಯನ್ನು ಮುಚ್ಚಿಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ, ಮರುಬಳಕೆಗೆ ಬಾರದ, ಆದರೆ ಕಿಲೋಗೆ 1,500 ಕಿಲೋಕ್ಯಾಲೊರಿ ಅಥವಾ ಅದಕ್ಕಿಂತ ಹೆಚ್ಚು ಶಾಖ ಕೊಡಬಲ್ಲ ಕಸವನ್ನು ನೆಲಕ್ಕೆ ಸುರಿಯದೆ ಇಂಧನವಾಗಿ ಬಳಸಬೇಕು ಎಂದಿತ್ತು. ದಿನಕ್ಕೆ 600 ಟನ್ ಕಸದಿಂದ 11.5 ಮೆಗಾವ್ಯಾಟ್ ವಿದ್ಯುತ್ ತೆಗೆಯುವಂತೆ ರೂಪಿಸಿದ ಸ್ಥಾವರ ನಮ್ಮದೇ ರಾಜ್ಯದ ಬಿಡದಿಯಲ್ಲಿದೆ. ಹೊಗೆಯ ಭಯಕ್ಕೆ ಪರವಾದಿಗಳ ಉತ್ತರ ಇಷ್ಟು: ಹಿತ್ತಲಲ್ಲಿ, ರಸ್ತೆಯ ಬದಿಯಲ್ಲಿ ಪ್ಲಾಸ್ಟಿಕ್ಕಿಗೆ ಹಚ್ಚುವ ಬೆಂಕಿಗೆ ಯಾವ ಸೋಸುವಿಕೆಯೂ ಇಲ್ಲ, ಸ್ಥಾವರದಲ್ಲಾದರೆ ಹೊಗೆಯನ್ನು 950 ಡಿಗ್ರಿಯಲ್ಲಿ ಕನಿಷ್ಠ ಎರಡು ಸೆಕೆಂಡು ಉರಿಸಿ, ತೊಳೆದು, ಸೋಸಿ, ಅಳೆದು ಹೊರಬಿಡಬೇಕೆಂಬ ಕಟ್ಟಳೆಯಿದೆ.

ವಿರೋಧ

ಮಂದಾರದ ನೋವನ್ನು ನಾನೂ ಮರೆತಿಲ್ಲ. ರಾಶಿ ಹಾಕುವುದು ನಿಲ್ಲಬೇಕು ಎಂಬಲ್ಲಿ ನನ್ನ ತಕರಾರೂ ಇಲ್ಲ. ಆದರೆ ನಮ್ಮ ಕಸ ಉರಿಯುವ ಕಸವೇ ಎಂಬ ಪ್ರಶ್ನೆಯನ್ನು ಯಾರೂ ಕೇಳದಿದ್ದರೆ, ಕೋಟಿಗಟ್ಟಲೆ ಹಣ ಸುರಿದು ಕಟ್ಟಿದ ಒಲೆಯೊಂದು ಹೊಗೆಯಾಡುತ್ತಾ ಕುಳಿತಿರುತ್ತದೆ.

ನಮ್ಮ ಮನೆಯ ಹಸಿ ಕಸದ ಬಕೆಟ್ಟಿನಲ್ಲಿ ಒಂದು ಬೆಳಿಗ್ಗೆ ಇರುವುದೇನು? ಬಂಗುಡೆಯ ತಲೆ, ಸಿಗಡಿಯ ಸಿಪ್ಪೆ, ಉಳಿದ ಕುಚ್ಚಲಕ್ಕಿ ಗಂಜಿ, ಬಾಳೆಯೆಲೆ, ಹಿಂಡಿದ ತೆಂಗಿನಕಾಯಿ, ಚಹಾದ ಚರಟ. ಎತ್ತಿ ಹಿಡಿದರೆ ತಳದಲ್ಲಿ ನೀರು ಕುಲುಕುತ್ತದೆ. ಪೇಟೆಯ ಕಸದಲ್ಲಿ ಇಂಥ ಹಸಿ ಭಾಗ ಅರ್ಧಕ್ಕಿಂತ ಹೆಚ್ಚು. ಇದರ ಮೇಲೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಮೂರು ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಮಳೆಗಾಲದಲ್ಲಿ ನಮ್ಮ ಬೀದಿಯಿಂದ ಹೊರಡುವ ಕಸದ ಲಾರಿಯ ಹಿಂಬದಿಯಿಂದ ಕಂದು ಬಣ್ಣದ ನೀರು ಧಾರೆಯಾಗಿ ಸುರಿದು, ತಿರುವಿನವರೆಗೂ ರಸ್ತೆಯ ಮೇಲೆ ಗೆರೆ ಎಳೆದಂತೆ ಕಾಣುತ್ತದೆ. ಸ್ಥಾವರಕ್ಕೆ ಹೋಗಿ ಮುಟ್ಟುವುದು ಈ ಲಾರಿಯೇ.

ಒಂದು ಕಿಲೋ ನೀರನ್ನು ಆವಿಯಾಗಿಸಲು ಸುಮಾರು 600 ಕಿಲೋಕ್ಯಾಲೊರಿ ಶಾಖ ಬೇಕು. ಕಸದ ಅರ್ಧ ತೂಕ ನೀರೇ ಆಗಿದ್ದರೆ ಬೆಂಕಿಯ ದುಡಿಮೆಯಲ್ಲಿ ದೊಡ್ಡ ಪಾಲು ಆ ನೀರನ್ನು ಒಣಗಿಸುವುದಕ್ಕೇ ಮುಗಿಯುತ್ತದೆ. ಇದನ್ನು ತಿಳಿಯಲು ಎಂಜಿನಿಯರಿಂಗ್ ಓದಬೇಕಾಗಿಲ್ಲ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಹಸಿ ಕೊತ್ತಳಿಗೆಯನ್ನು (ತೆಂಗಿನ ಗರಿಯ ಬುಡವನ್ನು) ಬಚ್ಚಲ ಒಲೆಗೆ ತುರುಕಿದರೆ ಮನೆಯೆಲ್ಲ ಹೊಗೆ ತುಂಬುತ್ತದೆ, ಹಂಡೆಯ ನೀರು ಬೆಚ್ಚಗೂ ಆಗುವುದಿಲ್ಲ. ಅದಕ್ಕೆಂದೇ ನಮ್ಮ ಹಿರಿಯರು ಬೇಸಿಗೆಯಲ್ಲೇ ಮಡಲು, ಕೊತ್ತಳಿಗೆಗಳನ್ನು ಒಣಗಿಸಿ ಕೊಟ್ಟಿಗೆಯಲ್ಲಿ ಒಟ್ಟಿಡುತ್ತಿದ್ದರು. ದೆಹಲಿಯ ತಿಮಾರ್ಪುರದಲ್ಲಿ 1987ರಲ್ಲಿ ಡೆನ್ಮಾರ್ಕಿನ ತಂತ್ರಜ್ಞಾನದಿಂದ ಕಟ್ಟಿದ ಸ್ಥಾವರ ಕೆಲವೇ ದಿನ ನಡೆದು ನಿಂತುಹೋಯಿತು. ಅದಕ್ಕೆ ಬೇಕಾಗಿದ್ದ ಶಾಖದ ಅರ್ಧದಷ್ಟೂ ಅಲ್ಲಿಯ ಕಸದಲ್ಲಿ ಇರಲಿಲ್ಲ. ದೆಹಲಿಯ ಮಳೆ ನಮ್ಮ ಮಳೆಯ ಕಾಲು ಭಾಗವೂ ಅಲ್ಲ.

ವಿದ್ಯುತ್ತಿನ ಲೆಕ್ಕವನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಬಿಡದಿಯ ಅನುಪಾತದಲ್ಲೇ ಎಣಿಸಿದರೆ ಮಂಗಳೂರಿನ 300 ಟನ್ನಿಗೆ ಸಿಗುವುದು ಆರು ಮೆಗಾವ್ಯಾಟಿನೊಳಗೆ, ಅದೂ ಕಸ ಒಣಗಿದ್ದು, ವಿಂಗಡಣೆಯಾಗಿದ್ದರೆ. ಉಡುಪಿ ಜಿಲ್ಲೆಯ ಎಲ್ಲೂರಿನ ಕಲ್ಲಿದ್ದಲಿನ ಸ್ಥಾವರದ ಸಾಮರ್ಥ್ಯ 1,200 ಮೆಗಾವ್ಯಾಟ್. ಆದ್ದರಿಂದ ಇದನ್ನು ವಿದ್ಯುತ್ ಯೋಜನೆ ಎಂದು ಕರೆಯುವುದೇ ಸರಿಯಲ್ಲ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ವಿಷಯ. ಸ್ಥಾವರಕ್ಕೆ ಇಷ್ಟು ಟನ್ ಕಸ ಕೊಟ್ಟೇ ತೀರುತ್ತೇವೆ ಎಂದು ನಗರಾಡಳಿತ ವರ್ಷಾನುಗಟ್ಟಲೆಯ ಕರಾರು ಮಾಡಿಕೊಂಡರೆ, ಕಸವನ್ನು ಕಡಿಮೆ ಮಾಡುವುದೇ ಆ ಕರಾರಿಗೆ ವಿರುದ್ಧವಾಗುತ್ತದೆ. ಚೆನ್ನಾಗಿ ಉರಿಯುವುದು ಕಾಗದ, ರಟ್ಟು, ಪ್ಲಾಸ್ಟಿಕ್; ಮಾರಿದರೆ ಕಾಸು ಬರುವುದೂ ಅವುಗಳಿಗೇ. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣ ಕಸ ವಿಂಗಡಿಸುವ ಘಟಕ ಹಳ್ಳಿಗಳ ಕಸವನ್ನು ಸರಕಾಗಿಸುತ್ತಿದೆ; ಮಂಗಳೂರು ತಾಲೂಕಿನ ತೆಂಕ ಎಡಪದವಿನಲ್ಲೂ ಅಂಥದ್ದೇ ಘಟಕವಿದೆ. ಆ ಕೈಗಳಿಗೆ ಹೋಗಬೇಕಾದ ರಟ್ಟನ್ನು ಒಲೆಗೆ ಹಾಕುವುದು ಸುಲಿಗೆಯಲ್ಲದೆ ಬೇರೇನಲ್ಲ. ಸುಟ್ಟ ಮೇಲೂ ತೂಕದ ಸುಮಾರು ಕಾಲು ಭಾಗ ಬೂದಿಯಾಗಿ ಉಳಿಯುತ್ತದೆ, ಹೊಗೆಯಿಂದ ಸೋಸಿ ಹಿಡಿದ ನುಣ್ಣನೆಯ ಬೂದಿಯಲ್ಲಿ ಸೀಸ, ಕ್ಯಾಡ್ಮಿಯಮ್, ಕಡುವಿಷದ ಡಯಾಕ್ಸಿನ್‌ಗಳಿರುತ್ತವೆ, ಮತ್ತು ಆ ಬೂದಿಗೂ ಮತ್ತೆ ಒಂದು ಗುಡ್ಡ ಬೇಕು.

ಹಸಿ ಕಸದಲ್ಲಿ ಶಕ್ತಿ ಇಲ್ಲವೆಂದಲ್ಲ. ಅದನ್ನು ತೆಗೆಯುವ ದಾರಿ ಬೆಂಕಿಯಲ್ಲ, ಗ್ಯಾಸ್. ಗಾಳಿಯಾಡದ ತೊಟ್ಟಿಯಲ್ಲಿ ಅದು ಕೊಳೆಯಲು ನೀರೂ ಬೇಕು, ನಮ್ಮ ಕರಾವಳಿಯ ಸೆಕೆಯೂ ಬೇಕು. 2022ರ ಫೆಬ್ರವರಿಯಲ್ಲಿ ಇಂದೋರಿನಲ್ಲಿ ಉದ್ಘಾಟನೆಯಾದ ಘಟಕವನ್ನು ದಿನಕ್ಕೆ 550 ಟನ್ ಹಸಿ ಕಸದಿಂದ ಸುಮಾರು 17,000 ಕಿಲೋ ಸಿಎನ್‌ಜಿ ತಯಾರಿಸಲು ರೂಪಿಸಲಾಗಿದೆ. ಉಳಿಯುವ ರಾಡಿ ಗೊಬ್ಬರವಾಗುತ್ತದೆ. ಯಾರಿಗೂ ಬೇಡವಾದ ಕೊಳಕು ಪ್ಲಾಸ್ಟಿಕ್ಕನ್ನು ಸಿಮೆಂಟ್ ಕಾರ್ಖಾನೆಗಳ ಗೂಡಿಗೆ ಕಳುಹಿಸಬಹುದು. ಅಲ್ಲಿಯ ಶಾಖ 1,400 ಡಿಗ್ರಿ ದಾಟುತ್ತದೆ, ಬೂದಿಯೂ ಸಿಮೆಂಟಿನೊಳಗೇ ಸೇರುತ್ತದೆ.

ಇಂದೋರಿನ ಘಟಕ ನಡೆಯಲು ಅಲ್ಲಿಯ ಯಂತ್ರದಷ್ಟೇ ಮನೆಯಂಗಳದ ವಿಂಗಡಣೆಯೂ ಕಾರಣ. ನಮ್ಮಲ್ಲಿ ಮನೆಯಲ್ಲಿ ಬೇರೆಬೇರೆ ಬಕೆಟ್ಟಿನಲ್ಲಿಟ್ಟದ್ದನ್ನು ಒಂದೇ ಲಾರಿಗೆ ಸುರಿಯುವುದನ್ನು ನಾನೇ ಗೇಟಿನ ಬಳಿ ನಿಂತು ಎಷ್ಟೋ ಸಲ ನೋಡಿದ್ದೇನೆ. ಹಾಗೆ ಸುರಿಯುವ ಪೌರಕಾರ್ಮಿಕರನ್ನು ಬೈಯುವುದರಲ್ಲಿ ಅರ್ಥವಿಲ್ಲ; ಅವರಿಗೆ ಕೊಟ್ಟ ಗಾಡಿಯಲ್ಲಿ ಇರುವುದೇ ಒಂದು ಅಂಕಣ. ಸ್ಥಾವರದ ಟೆಂಡರಿಗಿಂತ ಮೊದಲು, ಬರುವ ಮಳೆಗಾಲದೊಳಗೆ, ಪ್ರತಿ ವಾರ್ಡಿನ ಗಾಡಿಗೂ ನಡುವೆ ಒಂದು ತಗಡಿನ ಗೋಡೆ ಮತ್ತು ಮೇಲೆ ಒಂದು ಮುಚ್ಚಳ ಹಾಕಿಸಲಿ.