ಗಂಡಾಳು, ಹೆಣ್ಣಾಳು

ಚಿಕ್ಕಮಗಳೂರಿನ ಪೇಟೆಯಲ್ಲಿ ಬೆಳಿಗ್ಗೆ ಒಂದು ಸುತ್ತು ನಡೆದರೆ ಸಾಕು, ಯಾವ ಕೆಲಸ ಗಂಡಸರದು, ಯಾವುದು ಹೆಂಗಸರದು ಎಂಬ ಪಟ್ಟಿಯನ್ನು ಯಾರೂ ಬರೆದಿಡದಿದ್ದರೂ ಊರಿಗೆ ಊರೇ ಅದನ್ನು ಬಾಯಿಪಾಠ ಮಾಡಿಕೊಂಡಿರುವುದು ತಿಳಿಯುತ್ತದೆ. ಅಡುಗೆ ಹೆಂಗಸರ ಕೆಲಸವೆಂದು ಸಾಧಿಸುವವರು ಮಗಳ ಮದುವೆಯ ಊಟಕ್ಕೆ ಮಾತ್ರ ಅಡುಗೆ ಭಟ್ಟರನ್ನೇ ಹುಡುಕಿಕೊಂಡು ಹೋಗುತ್ತಾರೆ. ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತವನು ಗಂಡಸು. ಹಿಂಬದಿಯಲ್ಲಿ ಕಾಯಿ ತುರಿಯುವವಳು, ಪಾತ್ರೆ ತೊಳೆಯುವವಳು ಹೆಂಗಸು. ಸೀರೆ ಅಂಗಡಿಯಲ್ಲಂತೂ ಸೆರಗನ್ನು ತನ್ನ ಹೆಗಲ ಮೇಲೆಯೇ ಹೊದ್ದು ತೋರಿಸುವ ಮೀಸೆಯ ಯಜಮಾನನನ್ನು ಕಂಡು ಯಾರಿಗೂ ನಗು ಬರುವುದಿಲ್ಲ.

ಈ ಹಂಚಿಕೆಗೆ ಮೈಬಲ ಕಾರಣವೆಂದು ಹೇಳುವವರು ಯಾವುದಾದರೂ ಕಟ್ಟಡದ ಕೆಲಸವನ್ನು ನಿಂತು ನೋಡಬೇಕು. ಗಾರೆಯವನು ಕರಣೆ ಹಿಡಿದಿರುತ್ತಾನೆ. ಬಾಂಡ್ಲಿ ತುಂಬ ಸಿಮೆಂಟನ್ನು ತಲೆಯ ಮೇಲೆ ಹೊತ್ತು ಮಹಡಿ ಹತ್ತುವವಳು ಹೆಣ್ಣಾಳು.

ಕಾಫಿ ತೋಟದಲ್ಲಿ ಇದು ಇನ್ನೂ ನಿಚ್ಚಳ. ನೆರಳಿನ ಮರಗಳ ಕೊಂಬೆ ಸವರುವ ಮರಗಸಿ ಮಾಡುವುದು, ಏಣಿಯೇರಿ ಮೆಣಸು ಕುಯ್ಯುವುದು, ಔಷಧಿ ಹೊಡೆಯುವುದು ಗಂಡಾಳಿನ ಪಾಲಾದರೆ, ಕಳೆ ಕೀಳುವುದು, ಹಣ್ಣು ಕುಯ್ಯುವುದು ಹೆಣ್ಣಾಳಿನ ಪಾಲು. ಮರ ಹತ್ತುವ ಅಪಾಯಕ್ಕೆ ಹೆಚ್ಚು ಕೂಲಿ ಸಲ್ಲಬೇಕಾದದ್ದೇ. ಆದರೆ ಒಂದೇ ಬಗೆಯ ಕೆಲಸಕ್ಕೆ ಸಮಾನ ವೇತನ ಕೊಡಬೇಕೆಂಬ ಕಾನೂನು 1976ರಲ್ಲಿಯೇ ಬಂದಿದ್ದರೂ, ಕೆಲಸಗಳನ್ನೇ ಮೊದಲು ಎರಡು ಬಗೆಯಾಗಿ ವಿಂಗಡಿಸಿಟ್ಟರೆ ಆ ಕಾನೂನಿನ ಕೈಗೆ ಸಿಗುವುದೇನೂ ಉಳಿಯುವುದಿಲ್ಲ. ಅರೇಬಿಕಾ ಕಾಫಿ ಹಣ್ಣಾಗಿ, ಅದರ ಬೆನ್ನಿಗೇ ರೊಬಸ್ಟಾ ಕಾಫಿಯೂ ಬಂದು, ಆಳು ಸಾಲದಾದಾಗ ಮಾತ್ರ ಎಷ್ಟೋ ತೋಟಗಳಲ್ಲಿ ಕೂಲಿಯು ದಿನದ ಲೆಕ್ಕವನ್ನು ಬಿಟ್ಟು ಕಿಲೋ ಲೆಕ್ಕಕ್ಕೆ ತಿರುಗುತ್ತದೆ. ಆಗ ಗಂಡಸರೂ ಚೀಲ ಕಟ್ಟಿಕೊಂಡು ಗಿಡದ ಮುಂದೆ ನಿಲ್ಲುತ್ತಾರೆ. ಸಂಜೆ ತೂಕಕ್ಕಿಟ್ಟಾಗ ಹೆಂಡತಿಯ ಚೀಲವೇ ಹೆಚ್ಚು ತೂಗಿದರೆ ಯಾರೂ ಬೆರಗಾಗುವುದಿಲ್ಲ. ತನ್ನ ಸಾಲಿನ ಗಿಡಗಳಲ್ಲಿ ಹಣ್ಣು ಕಡಿಮೆಯಿತ್ತೆಂದು ಗಂಡ ಗೊಣಗಬಹುದು, ಅಷ್ಟೆ. ಆ ತೂಕವನ್ನು ಪುಸ್ತಕದಲ್ಲಿ ಬರೆದುಕೊಳ್ಳುವ ರೈಟರು ಆಗಲೂ ಸಾಮಾನ್ಯವಾಗಿ ಗಂಡಸೇ.

ನನಗೆ ತೋರುವಂತೆ ಗುಟ್ಟು ಇರುವುದು ಆ ಪುಸ್ತಕದಲ್ಲಿ. ಒಣಗಿಸಿದ ಕಾಫಿಯ ಸಿಪ್ಪೆ ಬಿಡಿಸಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಸಾಲಾಗಿ ಕುಳಿತು ಕರಿಬೀಜ, ಒಡಕುಬೀಜಗಳನ್ನು ಹೆಕ್ಕುವ ಕೆಲಸ ಹೆಂಗಸರದಾಗಿತ್ತು. ಬೀಜದ ಬಣ್ಣವನ್ನು ಗುರುತಿಸಿ ಬೇರ್ಪಡಿಸುವ ಯಂತ್ರಗಳು ಬಂದ ಮೇಲೆ ಆ ಸಾಲುಗಳು ಕರಗಿದವು. ಯಂತ್ರವೆಂದರೆ ಗಂಡಸರದೇ ಎಂದುಕೊಳ್ಳೋಣವೆಂದರೆ, ಪಕ್ಕದ ಹಾಸನದ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತವರು ಬಹುಪಾಲು ಹೆಣ್ಣುಮಕ್ಕಳು. ಅದೇ ಹೊಲಿಗೆಯನ್ನು ಪೇಟೆಯ ಮುಖ್ಯರಸ್ತೆಯಲ್ಲಿ ಬೋರ್ಡು ಹಾಕಿಕೊಂಡು ಮಾಡುವವನು ಹೆಚ್ಚಾಗಿ ಗಂಡಸು; ಮನೆಯ ಜಗಲಿಯಲ್ಲಿ ರವಿಕೆ ಹೊಲಿಯುವವಳಿಗೆ ಬೋರ್ಡಿಲ್ಲ. ಸೂಜಿ ಯಾರ ಕೈಯಲ್ಲಿದೆ ಎನ್ನುವುದಕ್ಕಿಂತ ಅಂಗಡಿಯ ಬಾಡಿಗೆ ಕರಾರು ಯಾರ ಹೆಸರಿನಲ್ಲಿದೆ ಎಂದು ಕೇಳಿದರೆ ಊರಿನ ಹಂಚಿಕೆ ಬೇಗ ಅರ್ಥವಾಗುತ್ತದೆ.

ಸರ್ಕಾರಿ ನೇಮಕಾತಿಯಲ್ಲಿ ಮಹಿಳೆಯರಿಗೆ ಶೇ 33 ಮೀಸಲಾತಿ ಇರುವುದರಿಂದ ಕಚೇರಿಗಳಲ್ಲಿ ಲೆಕ್ಕದ ಪುಸ್ತಕ ಅಲ್ಲಲ್ಲಿ ಕೈ ಬದಲಿಸಿದೆ. ಕೆಎಸ್‌ಆರ್‌ಟಿಸಿ ಬಸ್ಸುಗಳಲ್ಲಿ ಚಾಲಕರ ಆಸನ ಇನ್ನೂ ಹೆಚ್ಚುಕಡಿಮೆ ಗಂಡಸರದೇ ಆಗಿದ್ದರೂ, ಹಣದ ಚೀಲ ಹೆಗಲಿಗೇರಿಸಿದ ಮಹಿಳಾ ಕಂಡಕ್ಟರುಗಳು ಈಗ ಅಪರೂಪವಲ್ಲ. ಚಿಲ್ಲರೆಗಾಗಿ ಅವರೊಡನೆ ವಾದಿಸಿ ಗೆದ್ದ ಗಂಡಸನ್ನು ನಾನಂತೂ ಕಂಡಿಲ್ಲ.