ದೀಪ ಉರಿಯುತ್ತದೆ, ನೆಟ್ ಇಲ್ಲ

ಬ್ಯಾಕಪ್ ಇನ್ನೇನು ಮುಗಿಯಬೇಕು, ಲಿನಕ್ಸ್ ಕಂಪ್ಯೂಟರಿನ ಈಥರ್ನೆಟ್, ಅಂದರೆ ಕೇಬಲ್ ಮೂಲಕ ಬರುವ ನೆಟ್, ಮತ್ತೆ ಸತ್ತಿತು. ಸಾಕಾಗಿ ಹೋಗಿದೆ! ಪೂರ್ತಿ ಕೆಟ್ಟಿದ್ದರೆ ನೆಟ್‌ವರ್ಕ್ ಕಾರ್ಡನ್ನು ಕಿತ್ತು ಬಿಸಾಕಬಹುದಿತ್ತು. ಇದು ಹಾಗಲ್ಲ. ಪೋರ್ಟಿನ ದೀಪ ಉರಿಯುತ್ತಲೇ ಇರುತ್ತದೆ, ಲಿಂಕ್ ಇದೆ ಎಂದೇ ಕಾರ್ಡಿನ ಸ್ಥಿತಿ ತೋರಿಸುವ ಈಥ್‌ಟೂಲ್ ಹೇಳುತ್ತದೆ, ಇನ್ನೊಂದು ಕಂಪ್ಯೂಟರ್ ಉತ್ತರಿಸುತ್ತದಾ ಎಂದು ನೋಡುವ ಪಿಂಗ್ ಮಾತ್ರ ಹೋಗುವುದಿಲ್ಲ. ಲಿನಕ್ಸ್‌ನ ತಿರುಳು ಬರೆದಿಡುವ ಕರ್ನಲ್ ಲಾಗ್ ತೆರೆದರೆ ಅದೇ ಹಳೇ ಸಾಲು: ‘ಟ್ರಾನ್ಸ್‌ಮಿಟ್ ಕ್ಯೂ ಟೈಮ್ಡ್ ಔಟ್’. ಪ್ಯಾಕೆಟ್‌ಗಳು, ಅಂದರೆ ಡೇಟಾದ ತುಣುಕುಗಳು, ಹೊರಗೆ ಹೋಗದೆ ಸಿಕ್ಕಿಕೊಂಡಿವೆ ಅಂತ. ಸರಿ, ಯಾಕೆ ಸಿಕ್ಕಿಕೊಂಡವು? ಅದನ್ನು ಯಾರು ಹೇಳಬೇಕು?

ಕೇಬಲ್ ಬದಲಿಸು ಎನ್ನುತ್ತಾರೆ. ಬದಲಿಸಿದ್ದಾಯಿತು. ನೆಟ್‌ವರ್ಕ್ ಸ್ವಿಚ್ಚಿನ ಬೇರೆ ಪೋರ್ಟ್? ಅದೂ ಆಯಿತು. ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಅದೇ ಡ್ರೈವರ್, ತೆಗೆದು ಮತ್ತೆ ಲೋಡ್ ಮಾಡಿದರೆ ಸ್ವಲ್ಪ ಹೊತ್ತು ಚೆನ್ನಾಗಿ ನಡೆಯುತ್ತದೆ. ಜಾಸ್ತಿ ಸಿಟ್ಟು ಬರುವುದೇ ಆಗ. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಮತ್ತೆ ಢಮಾರ್!

ಕರೆಂಟ್ ಉಳಿಸುವ ಸೆಟ್ಟಿಂಗ್‌ಗಳದ್ದು ಇನ್ನೊಂದು ಕಾಟ. ಎಎಸ್‌ಪಿಎಂ ಎಂಬ ಸೆಟ್ಟಿಂಗ್, ಕಾರ್ಡನ್ನು ಕಂಪ್ಯೂಟರಿಗೆ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ಲಿಂಕನ್ನು ನಿದ್ದೆಗೆ ಕಳಿಸುತ್ತದೆ. ಕೆಲವು ಕಾರ್ಡ್‌ಗಳು ಆಮೇಲೆ ಸರಿಯಾಗಿ ಏಳುವುದೇ ಇಲ್ಲ. ಚೂರು ಕರೆಂಟ್ ಉಳಿಸಲು ನೆಟ್ಟನ್ನೇ ಕಳೆದುಕೊಳ್ಳಬೇಕಾ? ಆಫ್ ಮಾಡೋಣ ಎಂದರೆ ಲಿನಕ್ಸ್ ಶುರುವಾಗುವಾಗ ಓದುವ ಬೂಟ್ ಸಾಲಿಗೆ ಕೈ ಹಾಕಬೇಕು.

ಇನ್ನು ಕಾರ್ಡಿಗೆ ಲಿನಕ್ಸ್ ಕೊಡುವ ಹೆಸರು! ಮೊದಲು ಸುಮ್ನೆ ಈಥ್0 ಇತ್ತು. ಈಗ ಪಿಸಿಐ ಬಸ್ ಮತ್ತು ಸ್ಲಾಟ್ ನಂಬರ್ ನೋಡಿ ಇಎನ್‌ಪಿ3ಎಸ್0 ಎಂದು ಹೆಸರು. ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಕೆಲವೊಮ್ಮೆ ಆ 3 ಹೋಗಿ 4 ಆಗುತ್ತದೆ, ಬರೆದಿಟ್ಟ ಕಾನ್ಫಿಗರೇಶನ್ ಪೂರ್ತಿ ಹಾಳು. ಹೊಸ ಡ್ರೈವರ್ ಡೌನ್‌ಲೋಡ್ ಮಾಡಿ ಎಂದು ಸಲಹೆ ಕೊಡುವವರೇ, ನೆಟ್ಟೇ ಇಲ್ಲದೆ ಎಲ್ಲಿಂದ ಡೌನ್‌ಲೋಡ್ ಮಾಡಲಿ?